ಎರಿಹೊಲದ ಚಳಿಗಾಲಕ್ಕೆ ಕ್ಯಾಮೆರಾ ಹಿಡಿಯುವವರಿಗೆ

ವಿಜಯಪುರ ಜಿಲ್ಲೆಯ ಫೋಟೋ ಅಂದರೆ ಗೋಳಗುಮ್ಮಟ. ಕ್ಯಾಮೆರಾ ಈ ಸೀಮೆಗೆ ಕಾಲಿಟ್ಟ ದಿನದಿಂದಲೂ ಹೀಗೇ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕಾಗದದ ನೆಗೆಟಿವ್‌ಗಳೊಂದಿಗೆ ಇಲ್ಲಿಗೆ ಬಂದು ಗುಮ್ಮಟ, ಮಸೀದಿ, ಕಮಾನುಗಳ ಚಿತ್ರ ತೆಗೆದ. ಅವನ ಚಿತ್ರಗಳನ್ನೂ ಸೇರಿಸಿ 1866ರಲ್ಲಿ ಬಿಜಾಪುರದ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು ಲಂಡನ್ನಿನಲ್ಲಿ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಕಲ್ಲಿನ ಕಟ್ಟಡಗಳಿಗೆ ಚಿತ್ರಗಳ ಬರ ಬಂದಿಲ್ಲ.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ನವೆಂಬರಿನಿಂದ ಫೆಬ್ರುವರಿವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಅಷ್ಟು ಆಸ್ಥೆಯಿಂದ ಚಿತ್ರಿಸಿದವರು ಕಡಿಮೆ. ಆಳೆತ್ತರ ಬೆಳೆದು ನಿಂತ ಬಿಳಿಜೋಳ, ತೊಗರಿಯ ರಾಶಿ, ಲಿಂಬೆಯ ಪೇಟೆ, ಭೀಮೆಯ ಮೇಲೆ ಏಳುವ ಮಂಜು, ಕಂಬಳಿ ಹೊದ್ದು ಬೆಂಕಿ ಕಾಸುತ್ತ ಕುಂತ ಹಿರಿಯರು. ಹೊರಗಿನಿಂದ ಒಂದು ದಿನದ ಮಟ್ಟಿಗೆ ಬಂದು ಹೋಗುವ ಫೋಟೋಗ್ರಾಫರ್‌ಗೆ ಇವು ದಕ್ಕುವುದಿಲ್ಲ. ಮುಂಜಾನೆ ಹೊಲದ ಕಡೆ ಹೋಗಿಬಂದು ಹತ್ತು ಗಂಟೆಗೆ ಶಾಲೆಗೋ ಅಂಗಡಿಗೋ ಕಚೇರಿಗೋ ಸೇರುವ, ಇದೇ ಊರಿನ ಹವ್ಯಾಸಿಗೆ ದಕ್ಕುತ್ತವೆ. ಒಂದೇ ಒಡ್ಡಿನ ಮೇಲೆ ಮತ್ತೆ ಮತ್ತೆ ನಿಲ್ಲುವ ಅವಕಾಶ ಇರುವುದು ಅವರಿಗೇ.

ಸಲಕರಣೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಕೈಯಲ್ಲಿರುವ ಮೊಬೈಲ್ ಸಾಕು. ಕ್ಯಾಮೆರಾ ಕೊಳ್ಳುವ ಮನಸ್ಸಿದ್ದರೆ ಯಾರೋ ಬಳಸಿ ಮಾರುವ ಹಳೆಯ ಬಾಡಿ, ಅದಕ್ಕೆ 50 ಎಂಎಂ ಎಫ್/1.8 ಲೆನ್ಸ್ ಒಂದು, ದೂರದ್ದಕ್ಕೆ 300 ಎಂಎಂವರೆಗೆ ಹೋಗುವ ಜೂಮ್ ಒಂದು ಸಾಕಾಗುತ್ತದೆ. ಮಿಕ್ಕ ಹಣ ಪ್ರಿಂಟಿಗೆ ಇರಲಿ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಬಿಸಿಲಿನ ಲೆಕ್ಕ

ನಮ್ಮ ಬಿಸಿಲಿಗೆ ಬೇಸಿಗೆಯಲ್ಲಿ ಕರುಣೆ ಇಲ್ಲ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆರಳು ಕಾಲಡಿಗೆ ಸೇರಿ, ಕಣ್ಣಿನ ಗುಳಿಗಳು ಕಪ್ಪಾಗಿ, ಯಾರ ಮುಖವೂ ಚಿತ್ರದಲ್ಲಿ ಚಂದ ಬರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದೇ ಸೂರ್ಯ ನಡುಮಧ್ಯಾಹ್ನವೂ ಸುಮಾರು 50 ಡಿಗ್ರಿ ಎತ್ತರಕ್ಕಿಂತ ಮೇಲೇರುವುದಿಲ್ಲ. ಹಾಗಾಗಿ ದಿನವಿಡೀ ಒಂದಿಷ್ಟು ಓರೆ ಬೆಳಕು ಇದ್ದೇ ಇರುತ್ತದೆ.

ಡಿಸೆಂಬರ್ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6.50ರ ಸುಮಾರಿಗೆ, ಮುಳುಗುವುದು 5.55ರ ಸುಮಾರಿಗೆ. ವರ್ಷದಲ್ಲೇ ತಡವಾದ ಸೂರ್ಯೋದಯ ಡಿಸೆಂಬರಿನದ್ದೆಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಬರುವುದು ಸಂಕ್ರಮಣದ ನಂತರ, ಜನವರಿ ಮಧ್ಯದಲ್ಲಿ, ಏಳು ಗಂಟೆಯ ಹೊತ್ತಿಗೆ. ನೌಕರಿ ಮಾಡುವವರಿಗೆ ಇದರಿಂದ ಅನುಕೂಲವೇ ಆಗಿದೆ: ನಸುಕಿನ ನಾಲ್ಕಕ್ಕೆ ಏಳುವ ಕೆಲಸವಿಲ್ಲ. ಸೂರ್ಯ ಹುಟ್ಟಿ ಒಂದು ತಾಸಾದಾಗ ನೆರಳು ವಸ್ತುವಿನ ಸುಮಾರು ನಾಲ್ಕೂವರೆ ಪಟ್ಟು ಉದ್ದ ಇರುತ್ತದೆ, ಎರಡು ತಾಸಾದಾಗ ಎರಡು ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಏಳರಿಂದ ಒಂಬತ್ತು ಮುಖ್ಯ ಹೊತ್ತು. ಸಂಜೆ ನಾಲ್ಕರಿಂದ ಆರರವರೆಗೆ ಅದೇ ಲೆಕ್ಕ ತಿರುವುಮುರುವು.

ದಿಕ್ಕನ್ನೂ ಗಮನಿಸಿ. ಚಳಿಗಾಲದಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟದೆ 25 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ನಿಮ್ಮೂರ ಗುಡಿಯ ಯಾವ ಗೋಡೆ, ಅಗಸಿಯ ಯಾವ ಪಕ್ಕ ಬೆಳಿಗ್ಗೆ ಬೆಳಗುತ್ತದೆ ಎಂಬುದು ಬೇಸಿಗೆಗೂ ಚಳಿಗಾಲಕ್ಕೂ ಬೇರೆಯಾಗುವುದು ಇದರಿಂದಲೇ. ಬೇಸಿಗೆಯ ಕೊನೆಗೆ ನೆರಳಿಗೆ ಸರಿಯುವ ದಕ್ಷಿಣದ ಗೋಡೆಗೆ ಈಗ ಇಡೀ ದಿನ ಬೆಳಕು.

ಕರಿ ನೆಲ, ಬಿಳಿ ಬೆಳೆ

ಈ ನಾಡಿನಲ್ಲಿ ಫೋಟೋ ತೆಗೆಯುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಎಕ್ಸ್‌ಪೋಶರ್. ಬೇರೆ ಕಡೆಯ ಪುಸ್ತಕ, ವಿಡಿಯೋಗಳು ಹೇಳುವ ಸೂತ್ರ ನಮ್ಮ ಹೊಲದಲ್ಲಿ ಕೈಕೊಡುವುದು ಇಲ್ಲೇ. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ನಡುಬಣ್ಣದ ಬೂದಿ. ಅದರ ಮುಂದೆ ಹದವಾಗಿ ಹರಗಿದ ಎರಿಹೊಲ ಇಟ್ಟರೆ ಕತ್ತಲೆಯಾಗಿದೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಆಗ ಡೋಣಿ ನದಿ ಸಾಲಿನ ಕಪ್ಪು ಮಣ್ಣು ಸುಣ್ಣ ಬೆರೆತಂತೆ ಬೂದಿಬಣ್ಣಕ್ಕೆ ತಿರುಗಿ, ಮೇಲಿನ ಆಕಾಶ ಪೂರ್ತಿ ಬೆಳ್ಳಗಾಗುತ್ತದೆ. ಅದೇ ಕ್ಯಾಮೆರಾದ ಮುಂದೆ ಮಂಜು ಕವಿದ ನದಿಯನ್ನೋ ಬಿಳಿ ಖಿಲಾರಿ ಎತ್ತನ್ನೋ ಇಟ್ಟರೆ ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತದೆ. ಎತ್ತು ಕೊಳೆಯಾದಂತೆ ಕಾಣುತ್ತದೆ.

ಉಪಾಯ ಸುಲಭ. ಚೌಕಟ್ಟಿನ ತುಂಬ ಕರಿನೆಲ ಇದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ. ಮಂಜು, ಬಿಳಿ ಎತ್ತು, ಮಾಗಿದ ಜೋಳದ ತೆನೆ ತುಂಬಿಕೊಂಡಿದ್ದರೆ ಪ್ಲಸ್ 0.7ರಿಂದ ಪ್ಲಸ್ 1ಕ್ಕೆ ಏರಿಸಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೋ ಮೇಲಕ್ಕೋ ಎಳೆಯಿರಿ.

ಕಷ್ಟ ಬರುವುದು ಎರಡೂ ಒಟ್ಟಿಗೆ ಬಂದಾಗ. ಬಿಳಿ ಧೋತರ, ಬಿಳಿ ರುಮಾಲಿನ ರೈತ ಕಪ್ಪು ನೆಲದ ಮೇಲೆ ನಿಂತಿದ್ದಾನೆ ಅನ್ನಿ. ಬಿಳಿಯನ್ನು ಉಳಿಸಿಕೊಳ್ಳಿ. ಧೋತರದ ಮಡಿಕೆಗಳು ಒಮ್ಮೆ ಬೆಳಕಿನಲ್ಲಿ ಅಳಿಸಿಹೋದರೆ ಯಾವ ಆ್ಯಪ್‌ನಿಂದಲೂ ಮರಳಿ ಬರುವುದಿಲ್ಲ. ಮಣ್ಣು ತುಸು ಕಪ್ಪಾದರೆ ಏನೂ ಕೆಡುವುದಿಲ್ಲ, ಅದು ಎರಿಯೇ ತಾನೆ. ನಿಮ್ಮ ಕ್ಯಾಮೆರಾದಲ್ಲಿ ರಾ ಫೈಲ್ ಸೌಲಭ್ಯ ಇದ್ದರೆ ಇಂಥ ಹೊತ್ತಿಗೆ ಬಳಸಿ. ಬಣ್ಣ ಕೂಡ ಹಾಗೇ ಇರಲಿ: ಆಟೋ ವೈಟ್ ಬ್ಯಾಲೆನ್ಸ್ ಬೆಳಗಿನ ಹಳದಿಯನ್ನು ಅಳಿಸಿ ತಣ್ಣಗೆ ಮಾಡಿಬಿಡುತ್ತದೆ, ಅದನ್ನು ಡೇಲೈಟಿಗೆ ನಿಲ್ಲಿಸಿಬಿಡಿ.

ನೆಲ ಸಪಾಟಾಗಿದೆ, ಏನು ತೆಗೆಯುವುದು ಎಂದು ಕೇಳುವವರಿದ್ದಾರೆ. ಮಲೆನಾಡಿನ ಚಿತ್ರಗಳನ್ನು ನೋಡಿ ಬೆಳೆದ ಕಣ್ಣಿಗೆ ಹಾಗನಿಸುವುದು ಸಹಜ. ಆದರೆ ಅಡ್ಡ ಏನೂ ಇಲ್ಲದ ಈ ಬಯಲಿನ ಬಲವೇ ಬೇರೆ. ಇಲ್ಲಿ ಒಂಟಿ ಬನ್ನಿಗಿಡ, ಒಬ್ಬ ಸೈಕಲ್ ಸವಾರ, ಒಂದು ಬಣವಿ ಇಡೀ ಆಕಾಶವನ್ನು ಹೊತ್ತು ನಿಲ್ಲಬಲ್ಲದು. ಮೊಬೈಲಿನ ಅತಿ ಅಗಲದ ಲೆನ್ಸ್ ಬಯಲನ್ನು ಇನ್ನೂ ಬರಿದಾಗಿಸುತ್ತದೆ, ಬಿಟ್ಟುಬಿಡಿ. ಎರಡು ಪಟ್ಟು, ಮೂರು ಪಟ್ಟು ಜೂಮ್ ಬಳಸಿ, ಇಲ್ಲವೇ 200 ಎಂಎಂ ಹಾಕಿ. ಒಡ್ಡಿನ ಹಿಂದೆ ಒಡ್ಡು, ಕಡಲೆಯ ಹಸಿರಿನ ಹಿಂದೆ ಜೋಳದ ಗೋಡೆ, ಅದರ ಹಿಂದೆ ಊರಿನ ಬೇವಿನ ಗಿಡಗಳು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ದಿಗಂತವನ್ನು ಚೌಕಟ್ಟಿನ ನಡುಮಧ್ಯಕ್ಕೆ ತರಬೇಡಿ. ಮೋಡ ಚೆನ್ನಾಗಿದ್ದರೆ ಕೆಳಗೆ, ಬೆಳೆಯ ಸಾಲು ಚೆನ್ನಾಗಿದ್ದರೆ ಮೇಲೆ. ಎತ್ತರ ಬೇಕೆಂದರೆ ಬಾವಿ ತೋಡಿದ ಮಣ್ಣಿನ ದಿಬ್ಬ ಇದೆ, ಕಾಲುವೆಯ ದಂಡೆ ಇದೆ. ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆ ಹಾದುಹೋಗುವ ಕಡೆ ಇರುವವರಿಗೆ ಮೈಲುಗಟ್ಟಲೆ ಮಂಚಿಗೆ ಕಟ್ಟಿಕೊಟ್ಟ ಹಾಗಾಗಿದೆ.

ಯಾವ ತಿಂಗಳು ಏನು

ನವೆಂಬರಿನಲ್ಲಿ ಮಳೆ ತೊಳೆದ ಆಕಾಶ ಇನ್ನೂ ನಿಚ್ಚಳ. ತೊಗರಿ ಹಳದಿ ಹೂವು ಹೊತ್ತಿರುತ್ತದೆ, ಹಿಂಗಾರಿ ಜೋಳ ಮೊಣಕಾಲೆತ್ತರ, ಕಡಲೆಯ ಸಾಲುಗಳ ನಡುವೆ ಕರಿನೆಲ ಗೆರೆ ಎಳೆದಂತೆ ಕಾಣುತ್ತದೆ. ಸಾಲುಗಳ ಚಿತ್ರಕ್ಕೆ ಇದೇ ತಿಂಗಳು. ಆಮೇಲೆ ನೆಲ ಮುಚ್ಚಿಹೋಗುತ್ತದೆ.

ಡಿಸೆಂಬರಿನಲ್ಲಿ ಅಗಸಿ ಹೂ ಬಿಡುತ್ತದೆ. ಇದರ ನೀಲಿಗೆ ಸಾಟಿಯಾದ ನೀಲಿ ನಮ್ಮ ಹೊಲದಲ್ಲಿ ಇನ್ನೊಂದಿಲ್ಲ. ಹೂ ಅರಳುವುದು ಬೆಳಿಗ್ಗೆ, ಮಧ್ಯಾಹ್ನದ ಹೊತ್ತಿಗೆ ಪಕಳೆ ಉದುರಿಬಿಡುತ್ತವೆ. ಹತ್ತು ಗಂಟೆಯೊಳಗೆ ಹೋಗದಿದ್ದರೆ ಬರಿ ಹಸಿರು ಸಿಗುತ್ತದೆ. ಅಗಸಿ ಬಿತ್ತುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಜೋಳದ ಹೊಲದಲ್ಲಿ ಅಕ್ಕಡಿಯಾಗಿ ನಾಲ್ಕು ಸಾಲು ಕಂಡರೂ ನಿಂತು ತೆಗೆಯಿರಿ. ಕುಸುಬಿ ಡಿಸೆಂಬರ್–ಜನವರಿಯಲ್ಲಿ ಹಳದಿಯಾಗಿ ಅರಳಿ ಕೇಸರಿಗೆ ತಿರುಗುತ್ತದೆ. ಅದರ ಮುಳ್ಳು ಬಟ್ಟೆ ದಾಟಿ ಚುಚ್ಚುತ್ತದಾದ್ದರಿಂದ ದಪ್ಪ ಪ್ಯಾಂಟು, ಬೂಟು ಹಾಕಿಕೊಂಡೇ ಇಳಿಯಬೇಕು. ಕಡಲೆ ಹೊಲದ ಇಬ್ಬನಿಯಲ್ಲಿ ಹುಳಿ ಇರುತ್ತದೆ. ಹಿಂದೆ ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಮುಂಜಾನೆ ಹಿಂಡಿ ಆ ಹುಳಿಯನ್ನು ಔಷಧಿಗೆ ತೆಗೆದಿಡುತ್ತಿದ್ದರು. ಅಲ್ಲಿ ಓಡಾಡಿ ಬಂದ ಮೇಲೆ ಟ್ರೈಪಾಡಿನ ಕಾಲು ಒರೆಸಿ, ನಿಮ್ಮ ಕಾಲೂ ತೊಳೆದುಕೊಳ್ಳಿ.

ಮಂಜಿನ ವಿಚಾರ ಬೇರೆ ಹೇಳಬೇಕು. ಆಕಾಶ ತಿಳಿಯಾಗಿ, ಗಾಳಿ ನಿಂತು, ಚಳಿ ಬಿಗಿಯಾದ ರಾತ್ರಿಯ ಮರುದಿನ ಭೀಮೆ, ಕೃಷ್ಣೆ, ಕಬ್ಬಿನ ತೋಟಗಳ ಮೇಲೆ ಮಂಜು ಕೂಡುತ್ತದೆ. ಬಿಸಿಲು ಏರಿದಂತೆ ಕರಗುತ್ತದಾದ್ದರಿಂದ ಕತ್ತಲಲ್ಲೇ ಸ್ಥಳ ಸೇರಿರಬೇಕು. ಆದರೆ ಹೊಲದವರ ಮುಂದೆ ಮಂಜನ್ನು ಹೊಗಳುವಾಗ ಎಚ್ಚರವಿರಲಿ. ಹೂವಿನಲ್ಲಿರುವ ತೊಗರಿಗೆ ಮಂಜು ಬಿದ್ದರೆ ಹೂ ಉದುರುತ್ತದೆ, ಆ ವರ್ಷದ ಲೆಕ್ಕವೇ ತಪ್ಪುತ್ತದೆ. ಸಿಂದಗಿ, ಇಂಡಿಯ ಕಡೆ ತೊಗರಿಯನ್ನೇ ನಂಬಿದ ಮನೆಗಳು ಎಷ್ಟೋ ಇವೆ. ಬಿಳಿ ಮಂಜಿನಲ್ಲಿ ನಿಂತು ಗಿಡ ಅಲುಗಿಸಿ ನೋಡುತ್ತಿರುವ ರೈತನ ಮುಖವೂ ಆ ಬೆಳಗಿನ ಚಿತ್ರವೇ, ಅದನ್ನು ಬಿಟ್ಟು ಬರಿಯ ಮಂಜು ತೆಗೆದರೆ ಅರ್ಧ ಮಾತ್ರ ತೆಗೆದ ಹಾಗೆ.

ಜನವರಿಯಲ್ಲಿ ಜೋಳ ಹಾಲುಗಾಳಾಗುತ್ತದೆ. ಸೀತನಿ ಸುಡುವ ಹೊತ್ತು ಇದು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಹಸಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುತ್ತಾರೆ. ಹೊಗೆ, ಕೈ, ಹಸಿರು ಕಾಳು, ಹಿಂದಿನಿಂದ ಬರುವ ಬಿಸಿಲು ಎಲ್ಲ ಒಂದು ಗಜ ಜಾಗದಲ್ಲಿ ಇರುತ್ತವೆ. ಸೂರ್ಯನಿಗೆ ಎದುರಾಗಿ ಕೂತು ತೆಗೆದರೆ ಹೊಗೆ ಹೊಳೆಯುತ್ತದೆ. ಮಧ್ಯ ಏಷ್ಯಾದ ಕಡೆಯಿಂದ ಬಂದ ಗುಲಾಬಿ ಕಬ್ಬಕ್ಕಿಗಳು ಗುಂಪುಗುಂಪಾಗಿ ತೆನೆಗೆ ಬೀಳುವುದೂ, ಮಂಚಿಗೆಯ ಮೇಲೆ ನಿಂತು ಕವಣೆ ಬೀಸಿ ಅವನ್ನು ಎಬ್ಬಿಸುವುದೂ ಇದೇ ದಿನಗಳಲ್ಲಿ. ಕವಣೆ ಬೀಸುವವರ ಎದುರು ನಿಲ್ಲಬೇಡಿ, ಹಿಂದೆ ಪಕ್ಕಕ್ಕೆ ನಿಲ್ಲಿ. ಶಟರ್ ವೇಗ 1/1000 ಇದ್ದರೆ ಕವಣೆಯ ಹಗ್ಗ ಗಾಳಿಯಲ್ಲಿ ನಿಂತಂತೆ ಸಿಗುತ್ತದೆ.

ಫೆಬ್ರುವರಿ ಸುಗ್ಗಿ. ಇಲ್ಲಿ ಬಿಳಿಜೋಳವನ್ನು ಬೇರುಸಹಿತ ಕೀಳುವ ರೂಢಿ ಇನ್ನೂ ಇದೆ. ಹೆಣ್ಣುಮಕ್ಕಳು, ಗಂಡಸರು ಸಾಲು ಹಿಡಿದು ಬಾಗಿ ಏಳುವಾಗ ಬೇರಿನಿಂದ ಮಣ್ಣು ಚಿಮ್ಮುತ್ತದೆ. ಸಂಜೆಯ ಹಿಂಬೆಳಕಿನಲ್ಲಿ ಆ ಧೂಳು ಬಂಗಾರದ ಬಣ್ಣ. ಅಂಥಲ್ಲಿ ಲೆನ್ಸ್ ಬದಲಿಸುವ ಸಾಹಸ ಬೇಡ, ಎರಿಯ ನಯವಾದ ಧೂಳು ಸೆನ್ಸರಿಗೆ ಕೂತರೆ ತೆಗೆಸುವುದು ಖರ್ಚಿನ ಕೆಲಸ. ಎತ್ತು ತುಳಿಸಿ ಹಂತಿ ಹಾಡುವ ಕಣಗಳು ಈಗ ಅಪರೂಪ, ಬಹುತೇಕ ರಾಶಿ ಮಷಿನ್ನಿಂದ ಆಗುತ್ತದೆ. ಮಷಿನ್ ಬಂತೆಂದು ಕ್ಯಾಮೆರಾ ಮುಚ್ಚಿಡುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊಟ್ಟಿನ ಮಳೆಯಲ್ಲಿ ನಿಂತು ಚೀಲ ಹಿಡಿಯುವವರೇ ಈ ಕಾಲದ ಕಣ. ಹೊಟ್ಟು ಹಾರುವುದು ಗೆರೆಗೆರೆಯಾಗಿ ಬರಬೇಕೆಂದರೆ 1/30, ಕಣಕಣ ಕಾಣಬೇಕೆಂದರೆ 1/500.

ಜನ, ಒಪ್ಪಿಗೆ

ಎಳ್ಳಮಾವಾಸ್ಯೆ ಈ ಸೀಮೆಯ ಚಳಿಗಾಲದ ದೊಡ್ಡ ದಿನ. ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರಿನಲ್ಲೋ ಜನವರಿ ಆರಂಭದಲ್ಲೋ ಬರುತ್ತದೆ. ಬಂಡಿ, ಟ್ರ್ಯಾಕ್ಟರ್, ಮೋಟರ್‌ಸೈಕಲ್ ಏರಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಯ ತುಂಬ ಚರಗ ಚೆಲ್ಲಿ, ಸಜ್ಜಿರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಬಿಚ್ಚಿ ಉಣ್ಣುತ್ತಾರೆ. ಊಟದ ಪಂಕ್ತಿಯನ್ನು ಎಲ್ಲರೂ ತೆಗೆಯುತ್ತಾರೆ. ಚರಗ ಚೆಲ್ಲುವ ಗಳಿಗೆಗೆ ಮೊದಲೇ ಜೋಳದ ಸಾಲಿನೊಳಗೆ ಸೇರಿ ಕಾಯಿರಿ. ಕೂಗುತ್ತ ಒಬ್ಬರು ಚೆಲ್ಲುತ್ತಾರೆ, ಹಿಂದೆ ಇನ್ನೊಬ್ಬರು ನೀರು ಹಾಕುತ್ತ ಬರುತ್ತಾರೆ, ಅವರ ಬೆನ್ನಿಗೆ ಹುಡುಗರು. ಅವರು ನಿಮ್ಮ ಕಡೆಗೇ ಬರುವಂತೆ ಕೆಳಗೆ ಕೂತು ತೆಗೆದರೆ ತೆನೆಗಳು ತಲೆಯ ಮೇಲೆ ಬರುತ್ತವೆ. ಆಮೇಲೆ ಕ್ಯಾಮೆರಾ ಬದಿಗಿಟ್ಟು ಊಟಕ್ಕೆ ಕೂಡಿ. ಉಣ್ಣದೆ ಹೋದರೆ ಹೊಲದವರಿಗೆ ಬೇಸರವಾಗುತ್ತದೆ.

ಕೇಳಿ ತೆಗೆಯುವುದು ಕಷ್ಟವಲ್ಲ. "ಯಕ್ಕಾ, ಒಂದ್ ಫೋಟೋ ತಕ್ಕೊಳ್ಳೇನ್ರಿ?" ಅಂದರೆ ಸಾಮಾನ್ಯವಾಗಿ ಬರುವ ಉತ್ತರ, "ಪೇಪರಿನ್ಯಾಗ ಹಾಕಾಂವೇನೋ ತಮ್ಮಾ?" ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡಿ. ಇನ್‌ಸ್ಟಾಗ್ರಾಂಗೆ ಹಾಕುವುದಾದರೆ ಹಾಗಂತಲೇ ಹೇಳಿ. ಬೇಡ ಅಂದವರನ್ನು ದೂರದ ಲೆನ್ಸಿನಿಂದ ಕದ್ದು ತೆಗೆಯಬಾರದು. ಮಕ್ಕಳದ್ದಾದರೆ ಅವರ ಮನೆಯವರನ್ನು ಕೇಳಬೇಕು. ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳ ಬಳಿ ಇನ್ನಷ್ಟು ಸಂಕೋಚ ಇರಲಿ. ಬಯಲಲ್ಲೇ ಅವರ ಅಡುಗೆ, ಸ್ನಾನ, ನಿದ್ದೆ. ಬಾಗಿಲಿಲ್ಲದ ಮನೆ ಎಂದ ಮಾತ್ರಕ್ಕೆ ಒಳಗೆ ನೋಡುವ ಹಕ್ಕು ಯಾರಿಗೂ ಬರುವುದಿಲ್ಲ. ಮಠ, ದರ್ಗಾಗಳಲ್ಲೂ ಮೊದಲು ಕೇಳಿ. ಹೊಲದಲ್ಲಿ ಒಡ್ಡಿನ ಮೇಲೆ ನಡೆಯಿರಿ, ಬೆಳೆ ತುಳಿಯಬೇಡಿ.

ಊರೊಳಗೆ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಹಳೆಯ ಮಾಳಿಗೆ ಮನೆಗಳ ಅಡುಗೆಮನೆ. ಮೇಲಿನ ಬೆಳಕಿಂಡಿಯಿಂದ ಒಂದೇ ಕೋಲು ಬೆಳಕು ಇಳಿದು, ಒಲೆಯ ಹೊಗೆಯಲ್ಲಿ ಕಾಣಿಸಿಕೊಂಡು, ರೊಟ್ಟಿ ಬಡಿಯುವ ಕೈಗಳ ಮೇಲೆ ಬೀಳುತ್ತದೆ. ಫ್ಲಾಶ್ ಹಾಕಿದರೆ ಎಲ್ಲ ಹಾಳು. ಎಫ್/1.8, ಐಎಸ್‌ಒ 1600, 1/60 ಇಟ್ಟು, ಗೋಡೆಗೆ ಒರಗಿ ಉಸಿರು ಹಿಡಿದು ತೆಗೆಯಿರಿ. ಬೆಳಕನ್ನು ಅಳೆಯುವುದು ಕೈಗಳ ಮೇಲಿಂದ. ಹೊರಗಿನ ಚಳಿಯಿಂದ ಒಲೆಯ ಹಬೆಗೆ ಬಂದ ಲೆನ್ಸ್ ಮಸುಕಾಗುತ್ತದೆ, ಹತ್ತು ನಿಮಿಷ ಚೀಲದಲ್ಲೇ ಬಿಟ್ಟು ಹೊರತೆಗೆಯಿರಿ.

ಇಂಡಿಯಲ್ಲಿದ್ದರೆ ಲಿಂಬೆ ಇದೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತೋಟದೊಳಗಿನ ನೆರಳು-ಬಿಸಿಲಿನ ಚುಕ್ಕೆಗಳಲ್ಲಿ ಚಿತ್ರ ಚೆನ್ನಾಗಿ ಬರುವುದಿಲ್ಲ. ಸಾವಿರದಷ್ಟು ಕಾಯಿ ತುಂಬಿದ ಡಾಗುಗಳು ಸವಾಲಿಗೆ ಬರುವ ಪೇಟೆಯಲ್ಲಿ, ಹಳದಿ ರಾಶಿಯಿಂದ ಮುಖಗಳಿಗೆ ಪುಟಿಯುವ ಬೆಳಕೇ ಬೇರೆ.

ನೀರಿನ ದಂಡೆ

ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಕೃಷ್ಣೆ ಇದ್ದಾಳೆ. ಆಲಮಟ್ಟಿ ಜಲಾಶಯ ಮಳೆಗಾಲದಲ್ಲಿ 519.60 ಮೀಟರಿಗೆ ತುಂಬಿ, ಚಳಿಗಾಲದುದ್ದಕ್ಕೂ ಮೆಲ್ಲಗೆ ಇಳಿಯುತ್ತದೆ. ಇಳಿದ ದಂಡೆಯ ಕೆಸರಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ರಾಜಹಂಸಗಳು ಬಂದಿಳಿಯುತ್ತವೆ. ಹೆಬ್ಬಾತುಗಳು ಬೆಳಿಗ್ಗೆ ಕಡಲೆ, ಗೋಧಿಯ ಹೊಲಗಳಿಗೂ ಬರುತ್ತವೆ. ಹತ್ತಿರ ಹೋಗಿ ಹಾರಿಸಿ ತೆಗೆಯುವ ಚಟ ಬೇಡ, ದೂರದಿಂದ ಬಂದ ಹಕ್ಕಿಗೆ ಒಂದೊಂದು ಹಾರಾಟವೂ ಮೈಯ ಶಕ್ತಿಯ ಖರ್ಚು. ಹಕ್ಕಿಯನ್ನು ಸಣ್ಣದಾಗಿಯೇ ಬಿಟ್ಟು, ನೀರನ್ನೂ ದಂಡೆಯ ಕುರಿ ಮಂದೆಯನ್ನೂ ಸೇರಿಸಿದ ಚಿತ್ರ ಇಲ್ಲಿಯದೆಂದು ಗುರುತು ಸಿಗುತ್ತದೆ. ಬರಿ ಹಕ್ಕಿಯ ಚಿತ್ರ ಎಲ್ಲಿಯದಾದರೂ ಆಗಬಹುದು.

ಕೃಷ್ಣೆಯಲ್ಲಿ ಮೊಸಳೆಗಳಿವೆ. ನಸುಕಿನಲ್ಲಿ ನೀರಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾದಲ್ಲಿ ಮುಖ ಹುದುಗಿಸುವುದು ಅಪಾಯ. ಮೇಲೆ ಒಣಗಿದಂತೆ ಕಾಣುವ ಎರಿಕೆಸರು ಒಳಗೆ ಸೊಂಟಮಟ ಹೂಳುತ್ತದೆ. ಜೊತೆಗೆ ಆ ಊರಿನ ಮೀನುಗಾರರೊಬ್ಬರು ಇರಲಿ. ಕೊರ್ತಿ–ಕೊಲ್ಹಾರ ಸೇತುವೆಯ ಮೇಲಿನ ಬೆಳಗು ಎಷ್ಟೇ ಸೆಳೆದರೂ ಹೆದ್ದಾರಿಯ ಲಾರಿಗಳ ನಡುವೆ ಗಾಡಿ ನಿಲ್ಲಿಸಬೇಡಿ, ಕೆಳಗಿನ ದಂಡೆಗಿಳಿದು ತೆಗೆಯಿರಿ. ಅಣೆಕಟ್ಟೆ, ವಿದ್ಯುದಾಗಾರದ ಬಳಿ ಅನುಮತಿ ಇಲ್ಲದೆ ಚಿತ್ರೀಕರಣ ಬೇಡ. ಡ್ರೋನ್ ಇದ್ದವರು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ವಲಯ ನೋಡಿಕೊಂಡೇ ಹಾರಿಸಬೇಕು.

ಹೆಸರು, ಊರು, ತಾರೀಖು

ಇದೇ ಭೀಮಾ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಗೆಳೆಯರು ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಅವರು ದೂರದ ಊರಿಗೆ ಹೋಗಲಿಲ್ಲ, ತಮ್ಮ ಓಣಿಯಲ್ಲಿ ದಿನಾ ಕೇಳಿಸುತ್ತಿದ್ದುದನ್ನೇ ಬರೆದಿಟ್ಟರು. ಬೀಸುಕಲ್ಲು ಮೂಲೆಗೆ ಸೇರಿದ ಮೇಲೂ ಹಾಡು ಉಳಿಯಿತು. ಚಿತ್ರ ತೆಗೆಯುವವರ ಮುಂದಿರುವುದೂ ಇದೇ ಕೆಲಸ.

ಆಲಮಟ್ಟಿಯ ಹಿನ್ನೀರಿನಲ್ಲಿ ಹಳ್ಳಿಗೆ ಹಳ್ಳಿಗಳೇ ಮುಳುಗಿದವು. ಪುನರ್ವಸತಿ ಊರುಗಳಲ್ಲಿ ಹಿರಿಯರು ಹಳೆಯ ಊರಿನ ಅಗಸಿ, ಕಟ್ಟೆ, ಹೊಳೆಗೆ ಇಳಿಯುವ ದಾರಿಯನ್ನು ಬಾಯಿಂದ ಹೇಳುತ್ತಾರೆ. ತೋರಿಸುವುದಕ್ಕೆ ಅವರ ಬಳಿ ಇರುವುದು ಹೆಚ್ಚೆಂದರೆ ಮದುವೆಯ ಫೋಟೋ. ಅದರ ಹಿಂದೆ ಗೋಡೆಯ ಒಂದು ಮೂಲೆ ಕಂಡರೆ ಅದೇ ಊರು. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅಣೆಕಟ್ಟೆಯನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ, ಏರಿದಾಗ ಮತ್ತಷ್ಟು ಊರುಗಳು ಹೋಗುತ್ತವೆ. ಆ ದಂಡೆಯಲ್ಲಿರುವ ಹವ್ಯಾಸಿಗಳು ಸೂರ್ಯಾಸ್ತ ತೆಗೆಯುವ ಮೊದಲು ಓಣಿಗಳನ್ನು ತೆಗೆಯಲಿ. ಮನೆಯ ಮುಂಬಾಗಿಲು, ಬಾವಿ, ಚಾವಡಿ, ಶಾಲೆ, ಹೊಳೆದಾರಿ, ಪ್ರತಿಯೊಂದನ್ನೂ ನಾಲ್ಕು ದಿಕ್ಕಿನಿಂದ ತೆಗೆಯಲಿ.

ತೆಗೆದ ದಿನವೇ ಫೈಲಿನ ಹೆಸರಿನಲ್ಲಿ ತಾರೀಖು, ಊರು, ಏನು ನಡೆಯುತ್ತಿತ್ತು ಎಂಬುದನ್ನು ಬರೆಯಿರಿ. ಹೊಲದ ಹೆಸರು, ಜೋಳದ ತಳಿ, ಆ ಸಲಕರಣೆಗೆ ಊರಲ್ಲಿ ಅನ್ನುವ ಹೆಸರು ಕೇಳಿ ಸೇರಿಸಿ. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ಕುಗ್ಗಿಹೋಗಿರುತ್ತದೆ, ಮೂಲ ಫೈಲನ್ನು ಎರಡು ಕಡೆ ಉಳಿಸಿ, ಒಂದು ಹಾರ್ಡ್ ಡಿಸ್ಕ್ ಬೇರೆ ಮನೆಯಲ್ಲಿರಲಿ. ಜಗತ್ತಿಗೆ ಸಿಗಬೇಕೆಂದರೆ ವಿಕಿಮೀಡಿಯ ಕಾಮನ್ಸ್‌ಗೆ ಮುಕ್ತ ಪರವಾನಗಿಯಲ್ಲಿ ಏರಿಸಬಹುದು, ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ಊರಿಗೆ ಸಿಗಬೇಕೆಂದರೆ ಆಲ್ಬಂ ಮಾಡಿ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಉಳಿಸಿಟ್ಟ ಪ್ರಿಂಟಿನ ಹಣ ಇದಕ್ಕೇ: ಯಾರ ಚಿತ್ರ ತೆಗೆದಿರೋ ಅವರಿಗೆ ಮೊದಲ ಪ್ರತಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆದು. ಮುಂದಿನ ಎಳ್ಳಮಾವಾಸ್ಯೆಯೊಳಗೆ ತಲುಪಿಸಿದರೆ ಚರಗದ ದಿನ ನೀವು ಹೊಲಕ್ಕೆ ಕೇಳಿಕೊಂಡು ಹೋಗಬೇಕಾಗುವುದಿಲ್ಲ, ಅವರೇ ಕರೆಯುತ್ತಾರೆ.